ರೆಡಿ ಇದ್ದರೂ 25 ವರ್ಷ ಬರದ ಗೇಮ್

ಹಾಸನದಲ್ಲಿ ನಾವು ಟಿವಿಗೆ ಹಾಕಿ ಆಡುತ್ತಿದ್ದ ಕ್ಯಾಸೆಟ್‌ಗಳಲ್ಲಿ ಮಾರಿಯೋ, ಕಾಂಟ್ರಾ ಬಿಟ್ಟರೆ ಜಾಸ್ತಿ ಏನೂ ಇರಲಿಲ್ಲ. ಪಾತ್ರವಾಗಿ ಆಡುವ ಉದ್ದ ಕಥೆಯ ಗೇಮ್, ಅಂದರೆ ಆರ್‌ಪಿಜಿ, ಅಂತೂ ಇಲ್ಲವೇ ಇಲ್ಲ. ಇದ್ದಿದ್ದರೂ ನಮ್ಮ ಕರೆಂಟ್ ಮುಗಿಸೋಕೆ ಬಿಡುತ್ತಿತ್ತಾ?

ಅದಕ್ಕೇ ಏನೋ, ನಿಂಟೆಂಡೋದ 'ಮದರ್' ಅನ್ನೋ ಆರ್‌ಪಿಜಿ ಮೇಲೆ ನನಗೆ ಹುಚ್ಚು. 1989ರಲ್ಲಿ ಜಪಾನ್‌ನಲ್ಲಿ ನಿಂಟೆಂಡೋದ ಟಿವಿ ಗೇಮ್ ಯಂತ್ರ ಫ್ಯಾಮಿಕಾಮ್‌ಗೆ ಬಂತು. 1990ರ ಹೊತ್ತಿಗೆ ಇಂಗ್ಲಿಷ್ ಆವೃತ್ತಿಯೂ ತಯಾರಾಗಿತ್ತು. ಓಡೋಕೆ ಒಂದು ಬಟನ್ ಸೇರಿಸಿ, ಗೇಮ್‌ನಲ್ಲಿದ್ದ ಕಾಗೆ ಬಾಯಿಂದ ಸಿಗರೇಟ್ ಕಿತ್ತು, ಕ್ಲೈಮ್ಯಾಕ್ಸ್ ಉದ್ದ ಮಾಡಿ, ಇಷ್ಟೆಲ್ಲಾ ಆದಮೇಲೆ ಸುಮ್ನೆ ಮೂಲೆಗೆ ಹಾಕಿದರು. ಪಾಪ ಕಾಗೆ!

1998ರಲ್ಲಿ ಒಂದು ಪ್ರೊಟೊಟೈಪ್ (ಮಾರಾಟಕ್ಕೆ ಮುಂಚಿನ ಮಾದರಿ) ಕ್ಯಾಸೆಟ್‌ನಿಂದ ಆ ಇಂಗ್ಲಿಷ್ ಆವೃತ್ತಿ ಇಂಟರ್ನೆಟ್‌ಗೆ ಬಂತು, ನಕಲಿ ಅಂತ ಅನುಮಾನಪಟ್ಟವರೂ ಇದ್ದರು. ನಿಂಟೆಂಡೋ ಬಿಡುಗಡೆ ಮಾಡಿದ್ದು 2015ರಲ್ಲಿ, ತನ್ನ ವೀ ಯು ಗೇಮ್ ಯಂತ್ರದ ಮೇಲೆ.

ಆಡುವಾಗ ಹೆಜ್ಜೆಗೊಂದು ಜಗಳ, ಬೇಜಾರಾಗುತ್ತೆ ನಿಜ. ಆದರೆ ಶುರುವಿನಲ್ಲೇ ಮನೆಯ ಲ್ಯಾಂಪ್ ಹುಡುಗನ ಮೇಲೆ ಏರಿ ಬರುತ್ತಲ್ಲ, ಅದಕ್ಕೇ ಫುಲ್ ಮಾರ್ಕ್ಸ್.