ಹಾಲು, ಪುಡಿ ಮತ್ತು ವಾಕಿಂಗ್

ಲಾಲ್‌ಬಾಗ್‌ನಲ್ಲಿ ಬೆಳಿಗ್ಗೆ ವಾಕಿಂಗ್ ಬರುವವರಲ್ಲಿ ಅರ್ಧ ಜನ ವೈದ್ಯರೇ ಇರಬೇಕು. ಮಂಡಿನೋವು ಅಂದರೆ ಸಾಕು, ಒಬ್ಬರು ಅಮೃತಬಳ್ಳಿ ಅಂತಾರೆ, ಇನ್ನೊಬ್ಬರು ಮೆಂತ್ಯ ನೆನೆಸಿ ಕುಡೀರಿ ಅಂತಾರೆ. ಗೇಟ್ ಹೊರಗೆ ಜ್ಯೂಸ್ ಗಾಡಿ ಬೇರೆ. ಹಾಗಲಕಾಯಿ, ಬೂದುಗುಂಬಳ, ನೆಲ್ಲಿಕಾಯಿ, ಏನು ಬೇಕು ಹೇಳಿ. ಹಾಗಲಕಾಯಿ ರಸ ಕುಡಿದು ಮುಖ ಹಿಂಡಿದವರೇ ಆಮೇಲೆ ಮಸಾಲೆ ದೋಸೆಗೆ ಕ್ಯೂ ನಿಲ್ಲುತ್ತಾರೆ. ನಾನೂ ಅದೇ ಕ್ಯೂನಲ್ಲಿರುತ್ತೇನೆ, ಆ ಮಾತು ಬಿಡಿ.

ಸದ್ಯಕ್ಕೆ ನನ್ನದು ಅಶ್ವಗಂಧ. ರಾತ್ರಿ ಬಿಸಿ ಹಾಲಿಗೆ ಅರ್ಧ ಚಮಚ ಬೇರಿನ ಪುಡಿ. ಎಷ್ಟು ಕಲಕಿದರೂ ಸಣ್ಣ ಸಣ್ಣ ಗಂಟು ಮೇಲೆ ತೇಲುತ್ತದೆ, ಲೋಟದ ತಳದಲ್ಲಿ ಮಣ್ಣಿನ ಬಣ್ಣದ ಗಸಿ ಕೂರುತ್ತದೆ. ಬೆಲ್ಲ ಹಾಕಿದರೂ ಕಹಿ ಹೋಗಲ್ಲ. ನಿದ್ದೆ ಮಾತ್ರ ಚೆನ್ನಾಗಿ ಬರ್ತಿದೆ. ಪುಡಿಯಿಂದಲೋ, ಫೋನನ್ನು ಹಾಲ್‌ನಲ್ಲಿ ಬಿಟ್ಟು ಮಲಗುವುದರಿಂದಲೋ, ಯಾರಿಗೆ ಗೊತ್ತು!

ಅಮ್ಮನಿಗೂ ಕೊಡೋಣ ಅಂದುಕೊಂಡೆ. ಆದರೆ ಅವರು ಥೈರಾಯ್ಡ್ ಮಾತ್ರೆ ತಗೊಳ್ತಾರೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ಹಾಗಾಗಿ ಡಾಕ್ಟರನ್ನು ಕೇಳದೆ ಕೊಡುವಂತಿಲ್ಲ. ಕೆಲವರಿಗೆ ಲಿವರ್ ತೊಂದರೆ ಆಗಿದ್ದೂ ಇದೆ. ಗಿಡಮೂಲಿಕೆ ಅಂದ ಮಾತ್ರಕ್ಕೆ ಅದು ಸುಮ್ನೆ ಇರುತ್ತಾ? ಕೆಲಸ ಮಾಡುವ ಔಷಧ ಅಂದಮೇಲೆ ಅಡ್ಡ ಕೆಲಸವನ್ನೂ ಮಾಡಬಹುದು, ಅಲ್ವಾ?

ಅಮ್ಮನನ್ನು ಕೇಳಿದರೆ, "ನನಗೆ ರಾಗಿ ಗಂಜಿ ಸಾಕು, ನೀನೇ ಕುಡಿ" ಅಂದರು.