ಐಡಲ್‌ನಲ್ಲಿ ನಡುಗುವ ಟ್ರಕ್: ಸೆನ್ಸರ್ ಬಿಚ್ಚುವ ಮುಂಚೆ ಟ್ರಿಮ್ ನೋಡಿ

ಪೆಟ್ರೋಲ್ ವಿ8 ಟ್ರಕ್ ನಿಂತಲ್ಲೇ ನಡುಗುತ್ತದೆ, ಸ್ಕ್ಯಾನರ್ ಹಾಕಿದರೆ ಪಿ0171, ಪಿ0174 ಎರಡೂ ಬರುತ್ತವೆ. ಇದನ್ನು ನೋಡಿದ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಾಯಿಸುವವರು ಬಹಳ. ಆದರೆ ಆ ಕೋಡ್‌ಗಳು ಹೇಳುವುದು ಎರಡೂ ಬ್ಯಾಂಕ್‌ಗಳಲ್ಲಿ (ಸಿಲಿಂಡರ್ ಸಾಲುಗಳಲ್ಲಿ) ಮಿಶ್ರಣ ಲೀನ್ ಆಗಿದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದಷ್ಟೇ. ಹೆಚ್ಚಿನ ಸಲ ಸೆನ್ಸರ್ ಸರಿಯಾಗಿಯೇ ಇರುತ್ತದೆ.

ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ಬರೆದಿಟ್ಟುಕೊಳ್ಳಿ. ಕೋಡ್ ಬಿದ್ದಾಗಿನ ಆರ್‌ಪಿಎಂ, ಲೋಡ್, ಎಂಜಿನ್ ಬಿಸಿ ಅಲ್ಲಿರುತ್ತವೆ, ಅಳಿಸಿದರೆ ಹೋದವು. ಟ್ರಿಮ್ ಎಂದರೆ ಆಕ್ಸಿಜನ್ ಸೆನ್ಸರ್ ಹೇಳಿದಂತೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಲೆಕ್ಕ: ಶಾರ್ಟ್ ಟರ್ಮ್ ಆ ಕ್ಷಣದ್ದು, ಲಾಂಗ್ ಟರ್ಮ್ ನಿಧಾನವಾಗಿ ಕಲಿತದ್ದು. ಎಂಜಿನ್ ಪೂರ್ತಿ ಕಾದು ಕ್ಲೋಸ್ಡ್ ಲೂಪ್‌ಗೆ, ಅಂದರೆ ಸೆನ್ಸರ್ ನೋಡಿ ಪೆಟ್ರೋಲ್ ತಿದ್ದುವ ಸ್ಥಿತಿಗೆ, ಬಂದಮೇಲೆ ಈ ಎರಡೂ ಟ್ರಿಮ್‌ಗಳನ್ನು ಕೂಡಿಸಿ. +4, +18 ಇದ್ದರೆ ಒಟ್ಟು +22, ಅಂದರೆ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಸುಮಾರು ಶೇ. 22ರಷ್ಟು ಹೆಚ್ಚು ಪೆಟ್ರೋಲ್ ಬಿಡುತ್ತಿದೆ. ಸೊನ್ನೆಯಿಂದ 5ರೊಳಗೆ ಆಚೀಚೆ ಆದರೆ ಚಿಂತೆಯಿಲ್ಲ, 10 ದಾಟಿದರೆ ಹುಡುಕಲೇಬೇಕು.

ಈ ಮೊತ್ತವನ್ನು ಐಡಲ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ಇನ್ನೊಮ್ಮೆ ಬರೆದುಕೊಳ್ಳಿ. +22 ಇದ್ದದ್ದು +4ಕ್ಕೆ ಇಳಿದರೆ ವ್ಯಾಕ್ಯೂಮ್ ಲೀಕ್ ಹುಡುಕಿ. ಥ್ರಾಟಲ್ ಮುಚ್ಚಿದ್ದಾಗ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಕಳ್ಳದಾರಿಯಲ್ಲಿ ನುಗ್ಗುವ ಗಾಳಿಯ ಪಾಲು ದೊಡ್ಡದು. ಆರ್‌ಪಿಎಂ ಏರಿದಂತೆ ಆ ಪಾಲು ಕರಗುತ್ತದೆ. ಇದಕ್ಕೆ ತಿರುಗಾಮುರುಗಾ, ಲೋಡ್ ಹೆಚ್ಚಿದಂತೆ ಟ್ರಿಮ್ ಏರಿದರೆ ಒಳಬರುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿರಬಹುದು, ಇಲ್ಲವೇ ಫ್ಯುಯೆಲ್ ಪಂಪ್ ಸೋತಿರಬಹುದು, ಫಿಲ್ಟರ್ ಕಟ್ಟಿಕೊಂಡಿರಬಹುದು. ಒಂದು ಎಚ್ಚರಿಕೆ: ಏರ್‌ಫ್ಲೋ ಸೆನ್ಸರ್ ಇಲ್ಲದೆ ಮ್ಯಾಪ್ ಸೆನ್ಸರ್ (ಇನ್‌ಟೇಕ್ ಮ್ಯಾನಿಫೋಲ್ಡ್ ಒತ್ತಡ ಅಳೆಯುವುದು) ನಂಬಿ ಓಡುವ ಎಂಜಿನ್‌ಗಳಲ್ಲಿ ಲೀಕ್ ಇದ್ದರೂ ಟ್ರಿಮ್ ಅಷ್ಟಾಗಿ ಏರದೆ ಐಡಲ್ ಆರ್‌ಪಿಎಂ ಏರಬಹುದು.

ಲೀಕ್ ಹುಡುಕುವಾಗ ಮೊದಲು ಪಿಸಿವಿ ಪೈಪಿನ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಎಳೆಯುವ ಪೈಪ್) ರಬ್ಬರ್ ಎಲ್ಬೋ ಮುಟ್ಟಿ ನೋಡಿ. ಎಣ್ಣೆ ಕುಡಿದು ಅದು ಮೆತ್ತಗಾಗಿರುತ್ತದೆ. ಬಿರುಕು ಬೀಳುವುದು ಬಾಗಿನ ಕೆಳಮಗ್ಗುಲಲ್ಲಿ, ಮೇಲಿಂದ ಕಾಣದು, ಬೆರಳಿನಿಂದ ಒತ್ತಿದರೆ ಬಾಯಿ ಬಿಡುತ್ತದೆ. ಆಮೇಲೆ ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವ್: ಕನೆಕ್ಟರ್ ಬಿಚ್ಚಿ, ಕ್ಯಾನಿಸ್ಟರ್ (ಆ ಆವಿ ಹಿಡಿದಿಡುವ ಡಬ್ಬಿ) ಕಡೆಯ ಪೈಪ್ ಕಳಚಿ, ವಾಲ್ವಿನ ಬಾಯಿಗೆ ಬೆರಳಿಡಿ. ಕರೆಂಟ್ ಇಲ್ಲದಿದ್ದರೂ ಎಳೆಯುತ್ತಿದ್ದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ. ಟ್ಯಾಂಕ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಯಲ್ಲಿ ಇದೇ ಮೊದಲ ಅನುಮಾನ. ಚಳಿಯಲ್ಲಿ ನಡುಗಿ, ಕಾದಮೇಲೆ ಸುಧಾರಿಸಿದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿ. ಉಳಿದದ್ದಕ್ಕೆ ಸ್ಮೋಕ್ ಟೆಸ್ಟ್ (ಇನ್‌ಟೇಕ್‌ಗೆ ಹೊಗೆ ತುಂಬಿ ಸೋರುವ ಜಾಗ ನೋಡುವುದು) ಮಾಡಿಸಿ. ಕಾದ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆಯುವುದು ಬೆಂಕಿಗೆ ದಾರಿ, ದಯವಿಟ್ಟು ಬೇಡ.

ಒಂದೇ ಬ್ಯಾಂಕ್ ಲೀನ್ ಆಗಿದ್ದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟ್ ಮುರಿದಿದೆಯೇ ನೋಡಿ. ಆಕ್ಸಿಜನ್ ಸೆನ್ಸರ್‌ಗೂ ಮುಂಚೆ ಹೊರಗಾಳಿ ಸೇರಿದರೆ ಅದು ಲೀನ್ ಎಂದೇ ಓದುತ್ತದೆ. ಮಿಸ್‌ಫೈರ್ (ಸಿಲಿಂಡರ್ ಸರಿಯಾಗಿ ಉರಿಯದಿರುವುದು) ಕೋಡ್ ಪಿ0300 ಜೊತೆಗಿದ್ದರೆ ಪ್ಲಗ್, ಕಾಯಿಲ್ ಮೊದಲು ಸರಿಮಾಡಿ. ಉರಿಯದ ಸಿಲಿಂಡರ್ ತನ್ನ ಆಕ್ಸಿಜನ್ನನ್ನು ಹಾಗೇ ಹೊರಗೆ ತಳ್ಳುತ್ತದೆ, ಕಂಪ್ಯೂಟರ್ ಅದನ್ನೂ ಲೀನ್ ಎಂದು ತಿಳಿದು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ.

ಒಟ್ಟು ಟ್ರಿಮ್ ಮೈನಸ್ 15 ಇದ್ದರೆ ಕಥೆ ಬೇರೆ, ಪೆಟ್ರೋಲ್ ಹೆಚ್ಚಾಗಿದೆ ಎಂದರ್ಥ. ಇಂಜೆಕ್ಟರ್ ಸೋರಿಕೆ, ಎಂಜಿನ್ ತಣ್ಣಗಿದೆ ಎಂದು ತಪ್ಪು ಹೇಳುವ ಕೂಲಂಟ್ ಸೆನ್ಸರ್, ಹಳೆಯ ಮಾದರಿಯಾದರೆ ಒಳಗಿನ ಪದರ ಹರಿದ ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರ್. ಅದರ ವ್ಯಾಕ್ಯೂಮ್ ಪೈಪ್ ಕಳಚಿದಾಗ ಒಳಗೆ ಪೆಟ್ರೋಲ್ ಒದ್ದೆ ಕಂಡರೆ ರೆಗ್ಯುಲೇಟರ್ ಹೋಗಿದೆ.

ಲೀಕ್ ಮುಚ್ಚಿದಮೇಲೆ ಕೋಡ್ ಅಳಿಸದೆಯೇ ಐಡಲ್‌ನಲ್ಲಿ ಬಿಟ್ಟು ನೋಡಿ. ಲಾಂಗ್ ಟರ್ಮ್ ಇನ್ನೂ +18ರಲ್ಲೇ ನಿಂತಿರುತ್ತದೆ, ಶಾರ್ಟ್ ಟರ್ಮ್ ಮಾತ್ರ ತಟ್ಟನೆ ಮೈನಸ್ 15ರ ಆಸುಪಾಸಿಗೆ ಇಳಿಯುತ್ತದೆ. ಹಾಗೆ ಇಳಿದರೆ ನೀವು ಮುಚ್ಚಿದ್ದು ಸರಿಯಾದ ತೂತನ್ನೇ.