ಹುಟ್ಟುಹಬ್ಬಕ್ಕೆ ಹೋಗಬಹುದಾ?

ಲೈಂಗಿಕ ಅಪರಾಧ ಎಸಗಿದವರಿಗೆ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಮೊನ್ನೆ ಅವರಲ್ಲೊಬ್ಬ ಹಾಳೆ ಹಿಡಿದುಕೊಂಡು ಬಂದ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ತಂಗಿ ಮನೆಯಲ್ಲಿ ಅಪ್ಪನ ಎಪ್ಪತ್ತನೇ ಹುಟ್ಟುಹಬ್ಬ, ಹೋಗಬೇಕಂತೆ. ಮಕ್ಕಳಿರುವ ಕಡೆ ಹೋಗಲು ಅವನಿಗೆ ನಮ್ಮ ಒಪ್ಪಿಗೆ ಬೇಕು. ಯಾರ್ಯಾರು ಬರ್ತಾರೆ, ಯಾವ ಕುರ್ಚಿಯಲ್ಲಿ ಕೂರ್ತೀನಿ, ಮಗುವೊಂದು ಹತ್ತಿರ ಬಂದರೆ ಏನು ಮಾಡ್ತೀನಿ, ಎದ್ದು ಹೊರಡಬೇಕಾದರೆ ಕಾರು ಎಲ್ಲಿರುತ್ತೆ, ಎಲ್ಲ ದುಂಡಗೆ ಬರೆದಿದ್ದ. ನನಗೆ ಖುಷಿಯೇ ಆಯಿತು.

ಮಧ್ಯಾಹ್ನ ಅವನ ಮೇಲೆ ಕೋರ್ಟಿನ ಪರವಾಗಿ ನಿಗಾ ಇಡುವ ಪ್ರೊಬೇಷನ್ ಆಫೀಸರ್ ಫೋನ್ ಮಾಡಿ, "ತಂಗಿಗೆ ಆರು ವರ್ಷದ ಮಗಳಿದ್ದಾಳಲ್ಲ, ಅವಳ ಹೆಸರೆಲ್ಲಿ?" ಅಂದರು.

ನಾನಿರುವುದು ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲಿ. ಇಲ್ಲಿನ ಶಾಸನಸಭೆ 1992ರಲ್ಲಿ ಇಂಥವರ ಚಿಕಿತ್ಸೆ, ನಿಗಾ ಹೇಗಿರಬೇಕು ಅಂತ ಗೊತ್ತು ಮಾಡಲೆಂದೇ ಒಂದು ಮಂಡಳಿ ಮಾಡಿತು; 1996ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಮೊದಲ ಮಾನದಂಡಗಳು ಬಂದವು. ಅದರ ಜೀವಾಳ ಈ ಫೋನ್ ಕರೆಯೇ. ಪ್ರೊಬೇಷನ್‌ನವರು, ಚಿಕಿತ್ಸೆ ಕೊಡುವವರು, ಪಾಲಿಗ್ರಾಫ್ (ಸುಳ್ಳು ಪತ್ತೆ ಯಂತ್ರ) ಪರೀಕ್ಷಕರು ಒಬ್ಬರಿಗೊಬ್ಬರು ತಿಳಿಸುತ್ತಲೇ ಇರಬೇಕು. ಈ ತಂಡದಲ್ಲಿ ಸಂತ್ರಸ್ತರ ಕಡೆಯಿಂದಲೂ ಒಬ್ಬರು ಕೂರುತ್ತಾರೆ. ನನಗೆ ಹೇಳಿದ್ದು ನನ್ನಲ್ಲೇ ಉಳಿಯುವುದಿಲ್ಲ ಅಂತ ಮೊದಲ ದಿನವೇ ಸಹಿ ಹಾಕಿಸಿಕೊಳ್ಳುತ್ತೇವೆ. ಗುಟ್ಟು ಕಾಯುವುದೇ ಈ ವೃತ್ತಿಯ ಧರ್ಮ ಅಂತ ಬೆಂಗಳೂರಿನಲ್ಲಿ ಕಲಿತು ಬಂದವಳಿಗೆ ಇದು ವರ್ಷಗಟ್ಟಲೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಪಾಲಿಗ್ರಾಫ್ ಮೇಲೆ ಇವತ್ತಿಗೂ ನನಗೆ ಪೂರ್ತಿ ನಂಬಿಕೆಯಿಲ್ಲ. ಆದರೆ ಎಷ್ಟೋ ಜನ ಬಾಯಿ ಬಿಡುವುದು ತಂತಿ ಸುತ್ತುವ ಮೊದಲು, ಹೊರಗೆ ಬೆಂಚಿನ ಮೇಲೆ ಕಾಯುವಾಗ.

2021ರಲ್ಲಿ ಮಂಡಳಿಯಲ್ಲಿ ಒಂದು ಪದಕ್ಕಾಗಿ ಜಗಳವಾಯಿತು. 'ಲೈಂಗಿಕ ಅಪರಾಧಿ' ಬೇಡ, 'ಲೈಂಗಿಕ ಅಪರಾಧ ಎಸಗಿದ ವಯಸ್ಕರು' ಅನ್ನೋಣ ಅಂತ. ಮಾಡಿದ ತಪ್ಪನ್ನು ತೆಳು ಮಾಡುತ್ತೀರಿ ಅನ್ನುವ ಆಕ್ಷೇಪದ ನಡುವೆಯೇ ಅದು ಪಾಸಾಯಿತು. ಆಕ್ಷೇಪ ನನಗೆ ಅರ್ಥವಾಗುತ್ತದೆ. ಆದರೂ ಗುಂಪಿನಲ್ಲಿ ಕೂತು "ನಾನು ಹೀಗೆ ಮಾಡಿದೆ" ಅಂತ ಅವನ ಬಾಯಲ್ಲೇ ಹೇಳಿಸಬೇಕಾದವಳಿಗೆ, "ನಾನು ಇರೋದೇ ಹೀಗೆ" ಅನ್ನುವ ಮಾತಿನಿಂದ ಉಪಯೋಗವಿಲ್ಲ.

ಊರಲ್ಲಿ ಅಮ್ಮನಿಗೆ ಇದ್ಯಾವುದೂ ಬೇಡ. ಪೇಪರಿನಲ್ಲಿ ಅವಳು ಓದುವ ಪದ 'ಕಾಮುಕ', ಅಷ್ಟೇ. "ಅಂಥೋರ ಜತೆ ನಿಂಗೇನೇ ಕೆಲಸ?" ಅಂತಾಳೆ. ಜೈಲಿಂದ ಬಿಟ್ಟ ಮೇಲೆ ಅಂಥೋರು ಯಾವುದೋ ಬೀದಿಯಲ್ಲಿ ಇರಲೇಬೇಕಲ್ಲಮ್ಮ ಅಂದರೆ, "ನಮ್ಮ ಬೀದೀಲಂತೂ ಬೇಡಪ್ಪ" ಅಂತ ಫೋನ್ ಇಡ್ತಾಳೆ.

ಹಾಳೆ ವಾಪಸ್ ಕೊಟ್ಟೆವು. ಮರೆತೆ ಅಂದ. ಪಟ್ಟಿಯಲ್ಲಿ ತಂಗಿ ಮನೆಯ ನಾಯಿಯ ಹೆಸರೂ ಇತ್ತು. ಶನಿವಾರದ ಹುಟ್ಟುಹಬ್ಬಕ್ಕೆ ಅವನು ಹೋಗಲಿಲ್ಲ. ಸೋಮವಾರ ಹೊಸ ಹಾಳೆ ತಂದ, ಮುಂದಿನ ಹಬ್ಬಕ್ಕೆ.